ಒಂದೇ ದೊಡ್ಡ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಒಡೆದು ಸರ್ವಿಸ್ ಮಾಡೋದು ನಮ್ಮಂಥ ಅಂಗಡಿಗೆ ಬೇಕಾ?

ಮಂಡಿಪೇಟೆ ಹುಡುಗ:
ಎಲ್ರಿಗೂ ನಮಸ್ಕಾರ. ದಾವಣಗೆರೇಲಿ ಒಂದು ಹೋಲ್‌ಸೇಲ್ ಅಂಗಡಿ ಸಾಫ್ಟ್‌ವೇರ್ ನೋಡ್ಕೊಳ್ತೀನಿ, ಪಂಪ್‌ಸೆಟ್, ಪಿವಿಸಿ ಪೈಪು, ಡ್ರಿಪ್ ಸಾಮಾನು. ಹರಿಹರ, ಚಿತ್ರದುರ್ಗ, ಚಳ್ಳಕೆರೇಲಿ ಬ್ರಾಂಚ್ ಐತೆ. ಕಂಪ್ಯೂಟರ್ ಕೆಲಸಕ್ಕೆ ನಾನು, ಇನ್ನೊಬ್ಬ ಹುಡುಗ, ಇಬ್ರೇ. ಸಾಫ್ಟ್‌ವೇರ್ 2009ರಲ್ಲಿ ವಿಬಿಯಲ್ಲಿ (ವಿಷುವಲ್ ಬೇಸಿಕ್) ಬರೆಸಿದ್ದು, ಬಿಲ್ಲು, ಸ್ಟಾಕು, ಉದ್ರಿ ಲೆಕ್ಕ ಎಲ್ಲಾ ಒಂದರಲ್ಲೇ, ಬ್ರಾಂಚಿಗೊಂದು ಡೇಟಾಬೇಸು, ರಾತ್ರಿ ಅಂಗಡಿ ಮುಚ್ಚಿದ್ಮೇಲೆ ಫೈಲ್ ಕಳಿಸ್ತಾರೆ. ಅಂದ್ರೆ ಚಳ್ಳಕೆರೇಲಿ ನಾಲ್ಕು ಮೋಟಾರ್ ಐತೆ ಅಂತ ನಂಬಿ ನಾವು ಇಲ್ಲಿ ಆರ್ಡರ್ ಹಿಡಿದಿರ್ತೀವಿ, ಅಲ್ಲಿ ಬೆಳಿಗ್ಗೇನೇ ಖಾಲಿ ಆಗಿರುತ್ತೆ. ಬೋರ್ ಮೋಟಾರ್ ಸುಟ್ಟು ಬಂದ ರೈತನಿಗೆ ಅಡಿಕೆ ತೋಟ ಒಣಗ್ತಿರುತ್ತೆ, ಅವನಿಗೆ ನಾಳೆ ಬಾ ಅನ್ನೋದು ಭಾಳ ಕಷ್ಟ ಕಣ್ರಿ.

ಇನ್ನೊಂದು ತಲೆನೋವು ಇ-ಇನ್‌ವಾಯ್ಸ್, ಅಂದ್ರೆ ಬಿಲ್ಲನ್ನ ಸರ್ಕಾರದ ಪೋರ್ಟಲ್‌ಗೆ ಕಳಿಸಿ ಅಲ್ಲಿಂದ ಅದಕ್ಕೊಂದು ನಂಬರ್ ತರಿಸ್ಕೊಳ್ಳೋದು. 2023 ಆಗಸ್ಟ್ 1ರಿಂದ 5 ಕೋಟಿ ಮೇಲೆ ವಹಿವಾಟು ಇರೋರಿಗೂ ಬಂತಲ್ಲ, ಆವಾಗ ಅವಸರದಲ್ಲಿ ಬಿಲ್ಲಿಂಗ್ ಸ್ಕ್ರೀನ್ ಒಳಗೇ ಆ ಕೋಡ್ ತುರುಕಿದ್ವಿ. ಪೋರ್ಟಲ್ ನಿಧಾನ ಆದ್ರೆ ಕೌಂಟರ್ ಸ್ಕ್ರೀನ್ ಹ್ಯಾಂಗ್. ಈಗ ಬೆಂಗಳೂರಿಂದ ಒಬ್ರು ಬಂದು ಇದನ್ನೆಲ್ಲಾ 14 ಮೈಕ್ರೋಸರ್ವಿಸ್ (ಒಂದೊಂದು ಕೆಲಸಕ್ಕೆ ಒಂದೊಂದು ಬೇರೆ ಪುಟ್ಟ ಪ್ರೋಗ್ರಾಮು) ಮಾಡಿ, ಅವನ್ನೆಲ್ಲಾ ನೋಡ್ಕೊಳ್ಳೋ ಕುಬರ್ನೆಟಿಸ್ ಅನ್ನೋ ಸಾಫ್ಟ್‌ವೇರ್ ಮೇಲೆ ಓಡಿಸ್ತೀವಿ, 11 ತಿಂಗಳು ಬೇಕು ಅಂದ್ರು. ಸಾಹುಕಾರ್ರು ನನ್ನ ಕೇಳ್ತಾವ್ರೆ ದೊಡ್ಡ ಕಂಪನಿಯೋರೆಲ್ಲ ಹಿಂಗೇ ಮಾಡ್ತಾರಂತೆ ಹೌದೇನೋ ಅಂತ. ಕಾಲೇಜಲ್ಲಿ ಎಸ್‌ಒಎ (ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್, ಕೆಲಸಕ್ಕೊಂದು ಸರ್ವಿಸ್ ಮಾಡಿ ಎಲ್ಲಾ ಸಾಫ್ಟ್‌ವೇರೂ ಅದನ್ನ ಬಳಸೋ ವಿಧಾನ) ಅಂತ ಒಂದು ಪಾಠ ಇತ್ತು, ಅದು ಸತ್ತೋಯ್ತಾ? ಗೊತ್ತಿರೋರು ಹೇಳ್ರಿ.

ಕೋಟೆ ಬಾಗ್ಲು:
ಅಣ್ಣ, ನಾನು ದುರ್ಗದೋನೇ, ಹತ್ತು ವರ್ಷ ಬೆಂಗಳೂರಲ್ಲಿ ಇದೇ ಕೆಲಸ ಮಾಡಿ ಈಗ ಊರಿಂದ ಕೆಲಸ ಮಾಡ್ತಿದೀನಿ. ಎಸ್‌ಒಎ ಸತ್ತಿಲ್ಲ, ಹೆಸರು ಸವೆದೋಯ್ತು ಅಷ್ಟೇ. ಗಾರ್ಟ್ನರ್ ಅನ್ನೋ ಐಟಿ ಸಂಶೋಧನಾ ಕಂಪನಿಯೋರು 1996ರಲ್ಲೇ ಆ ಮಾತು ಬರೆದಿದ್ರು, ಸೋಪ್ ಅಂತ ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡೋ ಪದ್ಧತಿ ಬಂದ್ಮೇಲೆ 2000ದಿಂದ ಈಚೆಗೆ ಬ್ಯಾಂಕು, ಇನ್ಶೂರೆನ್ಸು, ಟೆಲಿಕಾಂ ಎಲ್ಲಾ ಅದರ ಹಿಂದೆ ಬಿದ್ರು. ಯಾಕಂದ್ರೆ ಅವರ ಕಷ್ಟ ನಿಜವಾದ್ದು, ಇಪ್ಪತ್ತು ಸಾಫ್ಟ್‌ವೇರು, ಗಿರಾಕಿ ವಿಳಾಸ ಬದಲಾದ್ರೆ ಇಪ್ಪತ್ತು ಕಡೆ ತಿದ್ದಬೇಕು, ಅದಕ್ಕೆ ವಿಳಾಸಕ್ಕೆ ಒಂದೇ ಸರ್ವಿಸ್, ಎಲ್ರೂ ಅದನ್ನೇ ಕೇಳ್ಲಿ ಅನ್ನೋ ಯೋಚನೆ. ಯೋಚನೆ ಇವತ್ತಿಗೂ ಸರಿ.

ಕೆಟ್ಟಿದ್ದು ಎಲ್ಲಿ ಅಂದ್ರೆ ನಡುವೆ ಇಎಸ್‌ಬಿ (ಎಂಟರ್‌ಪ್ರೈಸ್ ಸರ್ವಿಸ್ ಬಸ್) ಅಂತ, ಎಲ್ಲಾ ಸಾಫ್ಟ್‌ವೇರ್‌ಗಳ ಮಾತು ದಾಟಿಸೋ ಒಂದು ದೊಡ್ಡ ಬಸ್ಸು ಕೊಂಡು ಕೂರಿಸಿದ್ರು. ನಾನಿದ್ದ ಒಂದು ಕಡೆ ಬಸ್ ಟೀಮು ಬೇರೆ, ಒಂದು ಫೀಲ್ಡ್ ಸೇರಿಸ್ಬೇಕು ಅಂದ್ರೆ ಅವರಿಗೆ ಟಿಕೆಟ್ ಹಾಕಿ ಮೂರು ವಾರ ಕಾಯ್ಬೇಕಿತ್ತು, ಯಾವ ಬ್ರಾಂಚಿನ ಲೆಕ್ಕ ಹೆಂಗೆ ಅನ್ನೋ ವ್ಯವಹಾರದ ಬುದ್ಧಿಯೆಲ್ಲಾ ಆ ಬಸ್ ಒಳಗೆ ಹೋಗಿ ಕೂತ್ಬಿಟ್ಟಿತ್ತು, ಬರೆದೋರು ಕೆಲಸ ಬಿಟ್ಟೋದ್ಮೇಲೆ ಮುಟ್ಟೋಕೆ ಎಲ್ರಿಗೂ ಭಯ. 2009ರಲ್ಲಿ ಆನ್ ಥಾಮಸ್ ಮಾನೆಸ್ ಅನ್ನೋ ಐಟಿ ವಿಶ್ಲೇಷಕಿ ಎಸ್‌ಒಎ ಸತ್ತಿದೆ, ಸರ್ವಿಸ್ ಬಾಳಲಿ ಅಂತ ಬರೆದಿದ್ದು ಇದಕ್ಕೇ. ಆಮೇಲೆ 2014ರಲ್ಲಿ ಜೇಮ್ಸ್ ಲೂಯಿಸ್, ಮಾರ್ಟಿನ್ ಫೌಲರ್ ಬರೆದ ಲೇಖನದಿಂದ ಮೈಕ್ರೋಸರ್ವಿಸ್ ಮಾತು ಊರೆಲ್ಲಾ ಹಬ್ಬಿತು, ನಡುವಿನ ಬಸ್ ಬೇಡ, ಪ್ರತಿ ಸರ್ವಿಸ್‌ಗೂ ತನ್ನದೇ ಡೇಟಾ, ತನ್ನದೇ ಟೀಮು ಅಂತ.

ನೀನು ನೋಡ್ಬೇಕಾದ್ದು ಆ ಕೊನೇ ಪದ. ತನ್ನದೇ ಟೀಮು. ನೀವಿಬ್ರು ಅದೀರಿ.

ವಿದ್ಯಾನಗರ ಅಕ್ಕ:
ಮೇಲಿನೋರ ಮಾತಿಗೆ ಸೇರಿಸ್ತೀನಿ, ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ ತಮ್ಮಾ, 14ಕ್ಕೆ ಒಪ್ಕೋಬೇಡ. ನೆಟ್‌ಫ್ಲಿಕ್ಸ್ ಒಡೆದಿದ್ದು ನಿಜ, 2008ರಲ್ಲಿ ಅವರ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸೋಕಾಗ್ಲಿಲ್ಲ, ಅಲ್ಲಿಂದ ಶುರು ಮಾಡಿ ಕ್ಲೌಡ್‌ಗೆ ಪೂರ್ತಿ ಹೋಗಿದ್ದು 2016ರ ಜನವರಿಗೆ. ಅಂಥೋರಿಗೇ ಏಳು ವರ್ಷ ಹಿಡೀತು! ಇನ್ನೊಂದು ಕಡೆ 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ, ವಿಡಿಯೋ ಗುಣಮಟ್ಟ ಪರೀಕ್ಷೆ ಮಾಡೋ ಕೆಲಸಾನ ಬಿಡಿಬಿಡಿ ತುಂಡಿಂದ ಒಂದೇ ಪ್ರೋಗ್ರಾಮಿಗೆ ವಾಪಸ್ ತಂದು ಖರ್ಚು ಶೇ 90ರಷ್ಟು ಇಳೀತು ಅಂತ ತಾವೇ ಬರೆದ್ರು. ಅದು ಇಡೀ ಪ್ರೈಮ್ ವಿಡಿಯೋ ಅಲ್ಲ, ಆ ಒಂದು ಭಾಗ ಮಾತ್ರ, ಜನ ಅದನ್ನ ತಪ್ಪಾಗಿ ಹೇಳ್ತಾರೆ.

ಒಡೆದ್ಮೇಲೆ ಮುಂಚೆ ಫಂಕ್ಷನ್ ಕರೆದಂಗೆ ನಡೀತಿದ್ದ ಕೆಲಸ ನೆಟ್‌ವರ್ಕ್ ಮೇಲೆ ಹೋಗುತ್ತೆ, ಅರ್ಧ ಆಗಿ ನಿಲ್ಲುತ್ತೆ, ಸ್ಟಾಕ್ ಕಡಿಮೆ ಆಗಿ ಬಿಲ್ ಆಗಿರಲ್ಲ. ರಾತ್ರಿ ಹತ್ತಕ್ಕೆ ಚಳ್ಳಕೆರೆಯಿಂದ ಫೋನ್ ಬಂದ್ರೆ 14 ಕಡೆ ಲಾಗ್ ಹುಡುಕೋನು ನೀನೇ. ಮೊದ್ಲು ಇರೋ ಪ್ರೋಗ್ರಾಮ್ ಒಳಗೇ ಗೋಡೆ ಕಟ್ಟು, ಬಿಲ್ಲಿನ ಕೋಡು ಸ್ಟಾಕ್ ಟೇಬಲ್‌ಗೆ ನೇರ ಕೈ ಹಾಕದಂಗೆ. ಹೊರಗಿನ ಕಾರಣಕ್ಕೆ ಒದ್ದಾಡೋ ಭಾಗ ಇದ್ರೆ ಅದನ್ನ ಮಾತ್ರ ಆಚೆ ತೆಗಿ.

ಮಂಡಿಪೇಟೆ ಹುಡುಗ:
ಅಕ್ಕಾ, ಅಣ್ಣಾ ಭಾಳ ಥ್ಯಾಂಕ್ಸ್. ಹಂಗಾದ್ರೆ ಇ-ಇನ್‌ವಾಯ್ಸ್ ಆಚೆ ತೆಗೀತೀನಿ. ಆದ್ರೆ ಒಂದು ಭಯ, ಪೋರ್ಟಲ್ ಉತ್ತರ ಕೊಡದೆ ಟೈಮೌಟ್ ಆದ್ರೆ ನಂಬರ್ ಹುಟ್ಟಿದ್ಯೋ ಇಲ್ವೋ ಗೊತ್ತಾಗಲ್ಲ, ಕೌಂಟರ್ ಹುಡುಗ ಮತ್ತೆ ಒತ್ತುತಾನೆ.

ಕೋಟೆ ಬಾಗ್ಲು:
ಒಳ್ಳೆ ಪ್ರಶ್ನೆ, ಸರ್ವಿಸ್ ಮಾಡೋ ಕೆಲಸದ ತಿರುಳೇ ಇದು. ಪೋರ್ಟಲ್‌ನ ಆ ನಂಬರ್, ಐಆರ್‌ಎನ್ ಅನ್ನೋದು ನಿಮ್ಮ ಜಿಎಸ್‌ಟಿಐಎನ್ (ಜಿಎಸ್‌ಟಿ ನಂಬರ್), ಆರ್ಥಿಕ ವರ್ಷ, ದಾಖಲೆ ಬಗೆ, ಬಿಲ್ ನಂಬರ್ ಈ ನಾಲ್ಕರಿಂದ ಲೆಕ್ಕ ಹಾಕಿದ ಹ್ಯಾಶ್ (ಅದೇ ವಿವರಕ್ಕೆ ಯಾವಾಗ್ಲೂ ಅದೇ ಬರೋ ಗುರುತು), ಹಂಗಾಗಿ ಅದೇ ಬಿಲ್ಲು ಎರಡನೇ ಸಲ ಕಳಿಸಿದ್ರೆ ಹೊಸದು ಹುಟ್ಟಲ್ಲ, 2150 ಅಂತ ಡೂಪ್ಲಿಕೇಟ್ ಎರರ್ ಬರುತ್ತೆ. ಅದನ್ನ ಸೋಲು ಅಂತ ತಗೋಬೇಡ, ಆಗ್ಲೇ ಆಗಿದೆ ಅಂತ ತಿಳ್ಕೊಂಡು ಹಳೇ ವಿವರ ತರಿಸ್ಕೋ. ಮಾಡೋದು ಹಿಂಗೆ: ಬಿಲ್ ಸೇವ್ ಆದ ತಕ್ಷಣ ಒಂದು ಕ್ಯೂ ಟೇಬಲ್‌ಗೆ (ಸರದಿ ಪಟ್ಟಿಗೆ) ಸಾಲು ಬೀಳ್ಲಿ, ಬೇರೆ ಪ್ರೋಗ್ರಾಮು ಅದನ್ನ ಎತ್ತಿ ಕಳಿಸ್ಲಿ, ಉತ್ತರ ಬಾರದಿದ್ರೆ ಮತ್ತೆ ಕಳಿಸ್ಲಿ, ಬಂದ್ರೆ ಕ್ಯೂಆರ್ ಸಮೇತ ಬರೆದಿಡ್ಲಿ. ಅಷ್ಟರಲ್ಲಿ ಕೌಂಟರ್ ಹುಡುಗ ಮುಂದಿನ ಬಿಲ್ ಹಾಕ್ತಿರ್ತಾನೆ. ಐಆರ್‌ಎನ್ ಇಲ್ದೆ ಬಿಲ್ಲು ಪ್ರಿಂಟ್ ಆಗಿ ಗಾಡಿ ಮಾತ್ರ ಹೊರಡಬಾರದು, ಆ ಬೀಗ ಇರ್ಲಿ.

ಮತ್ತೆ, ಇ-ಇನ್‌ವಾಯ್ಸ್ ಬೇಕಿರೋದು ಜಿಎಸ್‌ಟಿ ನಂಬರ್ ಇರೋ ಅಂಗಡಿಯೋರಿಗೆ ಮಾರೋ ಬಿಲ್ಲಿಗೆ. ರೈತನ ಬಿಲ್ಲಿಗೆ ಅದು ಬೇಡವೇ ಬೇಡ. ನಿಮ್ಮಲ್ಲಿ ಅವನೂ ಆ ಹ್ಯಾಂಗ್ ಆದ ಸ್ಕ್ರೀನ್ ಹಿಂದೆ ನಿಂತಿರ್ತಾನಲ್ಲ.

ವಿದ್ಯಾನಗರ ಅಕ್ಕ:
ಸ್ಟಾಕಿಗೂ ಒಂದು ಮಾತು. ಎಲ್ಲಾ ಬ್ರಾಂಚಿನ ಸ್ಟಾಕು ಒಂದೇ ಕಡೆ ಇಟ್ರೆ ಚಳ್ಳಕೆರೆ ನೆಟ್ ಹೋದಾಗ ಅಲ್ಲಿ ವ್ಯಾಪಾರವೇ ನಿಲ್ಲುತ್ತೆ. ತನ್ನ ಸ್ಟಾಕಿಗೆ ಆ ಬ್ರಾಂಚೇ ಯಜಮಾನ, ಬೇರೆಯೋರು ಬೇಕಂದ್ರೆ ಅದನ್ನ ಕೇಳ್ಬೇಕು: ಎರಡು ಮೋಟಾರ್ ಸಂಜೆ ತನಕ ಹಿಡಿದಿಡು ಅಂತ. ಹೌದು ಅಂದ್ರೆ ಮಾತ್ರ ಇಲ್ಲಿ ಆರ್ಡರ್, ಉತ್ತರ ಇಲ್ಲಾಂದ್ರೆ ಫೋನ್ ಮಾಡು. ಟೇಬಲ್ ತೋರಿಸೋ ಸರ್ವಿಸ್ ಮಾಡ್ಬೇಡ, ಕೆಲಸ ಮಾಡೋ ಸರ್ವಿಸ್ ಮಾಡು.

ಮಂಡಿಪೇಟೆ ಹುಡುಗ:
ಐದು ವಾರ ಆದ್ಮೇಲೆ ಬರೀತಿದೀನಿ. ಕ್ಯೂ ಹಾಕಿದ್ವಿ, ರೈತರ ಬಿಲ್ಲು ಈಗ ಪೋರ್ಟಲ್ ಕಡೆ ಹೋಗಲ್ಲ, ಕೌಂಟರ್ ಹ್ಯಾಂಗ್ ಆಗಿಲ್ಲ. ಮೊದಲ ದಿನ 9 ಬಿಲ್ಲು ಕ್ಯೂನಲ್ಲೇ ನಿಂತ್ವು, ನೋಡಿದ್ರೆ ಖರೀದಿದಾರರ ಪಿನ್‌ಕೋಡ್ ತಪ್ಪು, ಮುಂಚೆ ಹುಡುಗ್ರು ಸ್ಕ್ರೀನ್ ಮೇಲೇ ಏನೋ ಒಂದು ಹೊಡೆದು ದಾಟಿಸ್ತಿದ್ರಂತೆ. ಪಾರ್ಟಿ ವಿಳಾಸ ಎಲ್ಲಾ ಕೂತು ಸರಿ ಮಾಡ್ತಿದೀವಿ. ಸಾಹುಕಾರ್ರಿಗೆ 14ರ ಲೆಕ್ಕ ಬಿಡಿಸಿ ಹೇಳಿದೆ, ಬೇಡ ಅಂದ್ರು. ಸ್ಟಾಕ್ ಹಿಡಿದಿಡೋ ಸರ್ವಿಸ್ ಮೊದ್ಲು ಹರಿಹರ ಒಂದಕ್ಕೇ ಮಾಡಿ ನೋಡ್ತೀವಿ, ಅಲ್ಲಿ ನೆಟ್ ಚೆನ್ನಾಗೈತೆ.