ಅಪ್ಪನಿಗೆ ಮಾರ್ಫಿನ್ ಜಾಸ್ತಿ ಮಾಡಿದರೆ ಪಾಪವೇ?

ಪ್ರಶ್ನೆ: ಫಾದರ್, ನಮಸ್ಕಾರ. ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ಮೂಳೆಗೂ ಹರಡಿದೆ. ರಾತ್ರಿಯಿಡೀ ನರಳುತ್ತಾರೆ. ನೋವಿನ ಔಷಧ ಮಾರ್ಫಿನ್‌ನ ಡೋಸ್ ಹೆಚ್ಚಿಸೋಣ, ಆದರೆ ಮಂಪರು ಜಾಸ್ತಿಯಾಗಬಹುದು, ಉಸಿರಾಟವೂ ನಿಧಾನವಾಗಬಹುದು ಎಂದರು ಡಾಕ್ಟರು. ಅಣ್ಣ ಒಪ್ಪುತ್ತಿಲ್ಲ. ಅದರಿಂದ ಅಪ್ಪ ಬೇಗ ಹೋದರೆ ನಾವೇ ಕೊಂದಂತೆ, "ಕೊಲ್ಲಬೇಡ" ಎಂಬ ದೇವರ ಐದನೇ ಆಜ್ಞೆ ಮುರಿದಂತೆ ಎನ್ನುತ್ತಾನೆ. ನಮ್ಮ ಕಥೋಲಿಕ ಧರ್ಮಸಭೆ ಏನು ಹೇಳುತ್ತದೆ?

ಫಾದರ್ (ಸೆಮಿನರಿಯಲ್ಲಿ ನೈತಿಕ ದೈವಶಾಸ್ತ್ರದ ಅಧ್ಯಾಪಕರು): ಧೈರ್ಯವಾಗಿ ಕೊಡಿಸಿ ತಂಗಿ, ಇದು ಪಾಪವಲ್ಲ. ಅಣ್ಣನ ಭಯವೂ ಅಪ್ಪನ ಮೇಲಿನ ಪ್ರೀತಿಯಿಂದಲೇ ಬಂದದ್ದು. ಅವರಿಗೂ ಇದನ್ನು ಓದಲು ಕೊಡಿ.

ಒಂದು ಕೆಲಸ ಸರಿಯೋ ತಪ್ಪೋ ಎಂದು ತಿಳಿಯಲು ಧರ್ಮಸಭೆ ಮೂರು ವಿಷಯ ನೋಡುತ್ತದೆ: ಮಾಡಿದ್ದೇನು, ಯಾವ ಉದ್ದೇಶಕ್ಕೆ, ಯಾವ ಸನ್ನಿವೇಶದಲ್ಲಿ. ಮಾಡಿದ್ದೇ ಕೆಟ್ಟದ್ದಾದರೆ ಒಳ್ಳೆಯ ಉದ್ದೇಶ ಅದನ್ನು ಸರಿಮಾಡುವುದಿಲ್ಲ. ಅದಕ್ಕೇ ಕರುಣೆಯಿಂದ ಕೊಟ್ಟರೂ ಸಾಯಿಸುವ ಇಂಜೆಕ್ಷನ್ ತಪ್ಪೇ. ನೀವು ಕೊಡಿಸುವುದು ನೋವಿನ ಔಷಧ.

ಒಂದೇ ಕೆಲಸದಿಂದ ಒಳ್ಳೆಯದೂ ಕೆಟ್ಟದ್ದೂ ಆಗುವುದುಂಟು. 13ನೇ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸ್ ಆತ್ಮರಕ್ಷಣೆಯ ವಿಷಯದಲ್ಲಿ ಇದನ್ನು ಚರ್ಚಿಸಿದರು. ನೀವು ಬಯಸಿದ್ದು ಬೇರೆ, ಆಗಬಹುದು ಎಂದು ಗೊತ್ತಿದ್ದದ್ದು ಬೇರೆ. ಇಲ್ಲಿ ಮುಖ್ಯವಾದದ್ದು ಇದು: ಅಪ್ಪನ ನೋವು ಇಳಿಯುವುದು ಮಾರ್ಫಿನ್‌ನಿಂದ, ಸಾವಿನಿಂದಲ್ಲ. ಜೊತೆಗೆ, ಅಪಾಯ ಒಪ್ಪಿಕೊಳ್ಳಲು ತಕ್ಕಷ್ಟು ದೊಡ್ಡ ಕಾರಣವೂ ಇರಬೇಕು. ಇಂಥ ನೋವಿಗಿಂತ ದೊಡ್ಡ ಕಾರಣ ಬೇಕೇ?

ಪೋಪ್ 12ನೇ ಪಿಯುಸ್ 1957ರಲ್ಲೇ ವೈದ್ಯರಿಗೆ ಇದನ್ನು ಸ್ಪಷ್ಟವಾಗಿ ಹೇಳಿದ್ದರು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2279ನೇ ಪರಿಚ್ಛೇದದಲ್ಲೂ ಇದೆ. ಡೋಸ್ ನೋಡಿಕೊಂಡು ಏರಿಸಿದರೆ ಮಾರ್ಫಿನ್ ಸಾಮಾನ್ಯವಾಗಿ ಆಯಸ್ಸು ಕಡಿಮೆ ಮಾಡುವುದಿಲ್ಲ ಎಂದು ಇಂಥ ರೋಗಿಗಳ ನೋವು ಶಮನ ಮಾಡುವ ಪ್ಯಾಲಿಯೇಟಿವ್ ವೈದ್ಯರೂ ಹೇಳುತ್ತಾರೆ.

ಒಂದೇ ಮಾತು. ಮಂಪರು ಹೆಚ್ಚುವ ಮೊದಲು ಅಪ್ಪನ ಜೊತೆ ಮಾತಾಡಿ. ಪಾಪನಿವೇದನೆ, ಪರಮಪ್ರಸಾದ, ರೋಗಿಗಳ ಅಭ್ಯಂಗಕ್ಕೆ (ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರಕ್ಕೆ) ನಿಮ್ಮ ಚರ್ಚಿನ ಗುರುಗಳನ್ನು ಇವತ್ತೇ ಕರೆಸಿ.

ಇನ್ನೊಬ್ಬ ಸದಸ್ಯರು: ಆದರೆ ನೋವನ್ನು ಯೇಸುವಿನ ಶಿಲುಬೆಗೆ ಅರ್ಪಿಸಬೇಕು ಅಲ್ವಾ ಫಾದರ್?

ಫಾದರ್: ಅರ್ಪಿಸಬಹುದು, ಅದು ದೊಡ್ಡದು. ಆದರೆ ಕಡ್ಡಾಯವಲ್ಲ. ಮೇಲಾಗಿ ಆ ಆಯ್ಕೆ ನೋವು ತಿನ್ನುವವರದ್ದು. ಹಾಸಿಗೆ ಪಕ್ಕ ನಿಂತವರು ಅದನ್ನು ಅವರ ಮೇಲೆ ಹೇರುವುದು ನನಗೆ ಸ್ವಲ್ಪವೂ ಸರಿಕಾಣುವುದಿಲ್ಲ.

ಪ್ರಶ್ನೆ ಕೇಳಿದವರು: ವೆಂಟಿಲೇಟರ್ ಬೇಡ ಎಂದು ಅಪ್ಪನೇ ಹೇಳಿದ್ದಾರೆ. ಅದು ಆತ್ಮಹತ್ಯೆ ಆಗುತ್ತದಾ?

ಫಾದರ್: ಇಲ್ಲ. ಫಲಕ್ಕಿಂತ ಹೊರೆಯೇ ಜಾಸ್ತಿಯಾದ ಚಿಕಿತ್ಸೆಯನ್ನು ಬಿಡಬಹುದು. ಆಗ ಸಾವನ್ನು ತಂದುಕೊಂಡಂತಲ್ಲ, ತಡೆಯಲಾಗದ್ದನ್ನು ಒಪ್ಪಿಕೊಂಡಂತೆ. 2005ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕೊನೆಯ ದಿನಗಳಲ್ಲಿ ಮತ್ತೆ ಆಸ್ಪತ್ರೆಗೆ ಹೋಗದೆ ವ್ಯಾಟಿಕನ್‌ನ ತಮ್ಮ ಕೋಣೆಯಲ್ಲೇ ಉಳಿದರು. ಊಟ, ನೀರು, ಶುಚಿ, ನೋವಿನ ಆರೈಕೆ ಮಾತ್ರ ನಿಲ್ಲಿಸಬಾರದು. ದೇಹ ತೆಗೆದುಕೊಳ್ಳದ ಸ್ಥಿತಿ ಬಂದಾಗ ಊಟ ಒತ್ತಾಯಿಸಬೇಕಿಲ್ಲ.

ಪ್ರಶ್ನೆ ಕೇಳಿದವರು: ಇದನ್ನು ಹೇಳಲು ಹಿಂಜರಿಕೆ. ರಾತ್ರಿ ಅವರ ನರಳಾಟ ಕೇಳುವಾಗ "ದೇವರೇ, ಅಪ್ಪನನ್ನು ಬೇಗ ಕರೆದುಕೋ" ಅನ್ನಿಸಿಬಿಡುತ್ತದೆ. ಹಾಗಾದರೆ ನನ್ನ ಉದ್ದೇಶವೇ ಕೆಟ್ಟದ್ದಾಯಿತಾ?

ಫಾದರ್: ಇಲ್ಲ ತಂಗಿ. ಮಾರಕ ಪಾಪ ಎನ್ನಲು ಮೂರೂ ಸೇರಬೇಕು: ವಿಷಯ ಗಂಭೀರವಾಗಿರಬೇಕು, ಅದು ತಪ್ಪೆಂದು ಪೂರ್ತಿ ತಿಳಿದಿರಬೇಕು, ಮನಸ್ಸಾರೆ ಒಪ್ಪಿ ಮಾಡಿರಬೇಕು. ನಿದ್ದೆಗೆಟ್ಟ ಮನಸ್ಸಿನಲ್ಲಿ ತಾನಾಗಿ ಎದ್ದ ಮಾತು ಒಪ್ಪಿಗೆಯಲ್ಲ. ದೇವರೇ ಕರೆದುಕೋ ಎನ್ನುವುದು ಪ್ರಾರ್ಥನೆ. ನಾನೇ ಮುಗಿಸುತ್ತೇನೆ ಎನ್ನುವುದು ಬೇರೆ.

ಉದ್ದೇಶದ ಬಗ್ಗೆ ಅನುಮಾನ ಬಂದರೆ ನಿಮ್ಮನ್ನೇ ಕೇಳಿಕೊಳ್ಳಿ: ಡೋಸ್ ಕೊಟ್ಟ ಮೇಲೆ ನೋವಿಳಿದು, ಬೆಳಿಗ್ಗೆ ಅಪ್ಪ ಕಣ್ಣುಬಿಟ್ಟು ನಿಮ್ಮ ಹೆಸರು ಕರೆದರೆ ಸಂತೋಷವಾಗುತ್ತದಾ? ಆಗುತ್ತದೆ ಎಂದಾದರೆ ನೀವು ಬಯಸಿದ್ದು ಅವರ ನೆಮ್ಮದಿಯನ್ನು. ಇವತ್ತು ರಾತ್ರಿ ಅಣ್ಣನನ್ನು ಕೂರಿಸಿ, ನೀವು ಸ್ವಲ್ಪ ಮಲಗಿ.