ಮಗಳು ಗರ್ಲ್ಸ್ ಸ್ಟೇಟ್‌ಗೆ ಆಯ್ಕೆಯಾಗಿದ್ದಾಳೆ. ಹೋಗಿ ಬಂದವರು ಯಾರಾದರೂ ಇದ್ದೀರಾ?

ಸಂಪಿಗೆಮರ:
ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕಕ್ಕೆ ಬಂದು ಬಹಳ ವರ್ಷ ಆಯಿತು, ಆದರೂ ಇಲ್ಲಿನ ಎಷ್ಟೋ ವಿಷಯ ಇನ್ನೂ ಹೊಸದೇ. ಮಗಳು 11ನೇ ಕ್ಲಾಸ್ ಮುಗಿಸುತ್ತಿದ್ದಾಳೆ. ಸ್ಕೂಲಿನವರು ಅವಳ ಹೆಸರನ್ನು ಗರ್ಲ್ಸ್ ಸ್ಟೇಟ್‌ಗೆ ಕಳಿಸಿದ್ದರು. ಹೈಸ್ಕೂಲ್ ಹುಡುಗಿಯರು ಸೇರಿ ಅಣಕು ರಾಜ್ಯ ಸರ್ಕಾರ ನಡೆಸುವ ಶಿಬಿರ ಅದು. ಇಂಟರ್‌ವ್ಯೂ ಆಗಿ ಆಯ್ಕೆಯೂ ಆಯಿತು. ಜೂನ್‌ನಲ್ಲಿ ಒಂದು ವಾರ ಯೂನಿವರ್ಸಿಟಿ ಹಾಸ್ಟೆಲ್‌ನಲ್ಲಿ ಇರಬೇಕಂತೆ. ಮಾಜಿ ಸೈನಿಕರ ಕಡೆಯವರು ನಡೆಸುವುದು ಅಂದ ತಕ್ಷಣ ನಮ್ಮ ಮನೆಯವರು ಕವಾಯತು ಮಾಡಿಸುತ್ತಾರಾ ಅಂತ ಕೇಳಿದರು. ನನ್ನ ಚಿಂತೆ ಬೇರೆ. ಇವಳು ಮಾತು ಕಡಿಮೆ. ಅಲ್ಲಿ ಚುನಾವಣೆ, ಭಾಷಣ ಅಂತೆಲ್ಲ ಇರುತ್ತದೆ. ಒಂದು ವಾರ ಸುಮ್ನೆ ಮೂಲೆಯಲ್ಲಿ ಕೂತು ಬಂದರೆ ಏನು ಗತಿ?

ಹಳೇಸೈಕಲ್:
ನನ್ನ ಮಗ ಹುಡುಗರ ಶಿಬಿರವಾದ ಬಾಯ್ಸ್ ಸ್ಟೇಟ್‌ಗೆ ಹೋಗಿದ್ದ. ಕವಾಯತಿನ ಭಯ ಬೇಡ. ಅಮೆರಿಕನ್ ಲೀಜನ್ ಅನ್ನುವುದು ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರು 1919ರಲ್ಲಿ ಕಟ್ಟಿದ ಸಂಘ. ಅವರೇ 1935ರಲ್ಲಿ ಇಲಿನಾಯ್ ರಾಜ್ಯದಲ್ಲಿ ಬಾಯ್ಸ್ ಸ್ಟೇಟ್ ಶುರು ಮಾಡಿದರು. ಅವರ ಮಹಿಳಾ ಘಟಕ ಆಕ್ಸಿಲಿಯರಿ 1937ರಲ್ಲಿ ಗರ್ಲ್ಸ್ ಸ್ಟೇಟ್ ಶುರು ಮಾಡಿತು. ಬಾವುಟ ಏರಿಸುವುದು, ಇಳಿಸುವುದು ಇರುತ್ತದೆ. ಉಳಿದಿದ್ದೆಲ್ಲ ಸರ್ಕಾರ ನಡೆಸುವ ಕೆಲಸ. ಖರ್ಚನ್ನು ಸಾಮಾನ್ಯವಾಗಿ ನಿಮ್ಮೂರಿನ ಘಟಕವೇ ಕೊಡುತ್ತದೆ. ಬಂದ ಮೇಲೆ ಮಗಳ ಕೈಯಲ್ಲಿ ಅವರಿಗೊಂದು ಥ್ಯಾಂಕ್ಸ್ ಪತ್ರ ಬರೆಸಿ. ನಮ್ಮ ಹುಡುಗನ ಪತ್ರವನ್ನು ಅವರು ಮೀಟಿಂಗಿನಲ್ಲಿ ಓದಿದರಂತೆ.

ಎರಡನೇ_ಬೆಂಚು:
ಆಂಟಿ, ನಾನು ಎರಡು ವರ್ಷದ ಹಿಂದೆ ಹೋಗಿದ್ದೆ. ಹುಟ್ಟಿದ್ದು ಇಲ್ಲೇ, ಆದರೆ 7ನೇ ಕ್ಲಾಸಿನವರೆಗೆ ಅಜ್ಜಿ ಮನೆಯಲ್ಲಿ ಬೆಳೆದೆ. ನನ್ನ ಇಂಗ್ಲಿಷ್ ಕೇಳಿ ಯಾರಾದರೂ ನಗುತ್ತಾರೇನೋ ಅನ್ನುವ ಭಯ ನನಗೂ ಇತ್ತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಹೋದ ದಿನವೇ ನಮ್ಮನ್ನು ‘ಊರು’ಗಳಾಗಿ ಹಂಚಿದರು. ಹಾಸ್ಟೆಲ್‌ನ ಒಂದು ಮಹಡಿ ಅಂದರೆ ಒಂದು ಊರು. ಅರ್ಧ ಜನ ಫೆಡರಲಿಸ್ಟ್, ಅರ್ಧ ಜನ ನ್ಯಾಷನಲಿಸ್ಟ್. ಇವಕ್ಕೂ ನಿಜವಾದ ಪಕ್ಷಗಳಿಗೂ ಸಂಬಂಧ ಇಲ್ಲ, ಪ್ರಣಾಳಿಕೆಯನ್ನು ನಾವೇ ಬರೆಯಬೇಕು. ಮೇಯರ್‌ನಿಂದ ಗವರ್ನರ್‌ವರೆಗೆ ಚುನಾವಣೆ. ಅದರ ಗಲಾಟೆ ಎಲ್ಲರೂ ಹೇಳುತ್ತಾರೆ, ಬಿಡಿ. ನನಗೆ ಮನಸ್ಸಲ್ಲಿ ಉಳಿದಿದ್ದು ನಾನು ಬರೆದ ಬಿಲ್ಲು, ಅಂದರೆ ಮಸೂದೆ.

ನಮ್ಮ ಸ್ಕೂಲು ಬೆಳಗ್ಗೆ 7:20ಕ್ಕೆ ಶುರುವಾಗುತ್ತಿತ್ತು. ಅದಕ್ಕೇ ನಾನು ಬರೆದೆ: ರಾಜ್ಯದ ಯಾವ ಸರ್ಕಾರಿ ಹೈಸ್ಕೂಲೂ 8:30ಕ್ಕೆ ಮೊದಲು ಶುರುವಾಗತಕ್ಕದ್ದಲ್ಲ. ಆಧಾರ ಗಟ್ಟಿಯಾಗಿತ್ತು. ಹದಿಹರೆಯದವರಿಗೆ ನಿದ್ದೆ ಸಾಲುವುದಿಲ್ಲ, ಸ್ಕೂಲು ಶುರುವಾಗಬೇಕಾದದ್ದು 8:30ಕ್ಕೆ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ, 8:30 ಅಥವಾ ಅದರ ನಂತರ ಅಂತ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ 2019ರಲ್ಲಿ ಇಂಥದ್ದೇ ಕಾನೂನಾಗಿ 2022ರಲ್ಲಿ ಜಾರಿಗೂ ಬಂತು. ಎಲ್ಲ ಬಾಯಿಪಾಠ ಮಾಡಿಕೊಂಡು ಸಮಿತಿ ಮುಂದೆ ನಿಂತೆ.

ಕೊನೇ ಸಾಲಿನಲ್ಲಿ ಒಬ್ಬಳು ಕೈ ಎತ್ತಿದಳು. ಹಳ್ಳಿ ಕಡೆಯ ಹುಡುಗಿ, ಅವರದು ಹಸು ಸಾಕುವ ಮನೆ. ಅವಳು ನಿಧಾನಕ್ಕೆ ಕೇಳಿದಳು: “ನಮ್ಮಲ್ಲಿ ಬಸ್ಸು ಮೊದಲು ನಮ್ಮನ್ನು ಹೈಸ್ಕೂಲಿಗೆ ಬಿಡುತ್ತದೆ, ಆಮೇಲೆ ಅದೇ ಬಸ್ಸು ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುತ್ತದೆ. ನಮ್ಮ ಸರದಿ ಹಿಂದಕ್ಕೆ ಹೋದರೆ ಚಿಕ್ಕವರ ಸರದಿ ಮುಂದಕ್ಕೆ ಬರುತ್ತದೆ ಅಲ್ವಾ? ಜನವರಿಯ ಕತ್ತಲಲ್ಲಿ ನನ್ನ ತಮ್ಮ ರಸ್ತೆ ಪಕ್ಕ ನಿಲ್ಲಬೇಕು. ಅವನಿಗೆ ಆರು ವರ್ಷ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬಸ್ಸಿನ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ.

ರಾತ್ರಿ ಅವಳನ್ನು ಹುಡುಕಿಕೊಂಡು ಹೋದೆ. ಬಟ್ಟೆ ಒಗೆಯುವ ರೂಮಿನಲ್ಲಿ ನೆಲದ ಮೇಲೆ ಕೂತು ಬಿಲ್ಲನ್ನು ಮತ್ತೆ ಬರೆದೆವು. ಮೂರನೇ ಸಾಲಿನಲ್ಲಿ ‘ಶಲ್’ ತೆಗೆದು ‘ಮೇ’ ಹಾಕು ಅಂತ ಅವಳು. ಅಂದರೆ ‘ತಕ್ಕದ್ದು’ ಹೋಗಿ ‘ಬಹುದು’. ನಾನು ಒಪ್ಪಲಿಲ್ಲ. ‘ಬಹುದು’ ಅಂತ ಬರೆದರೆ ಯಾವ ಸ್ಕೂಲು ತಾನೇ ಬದಲಾಗುತ್ತದೆ? ಅವಳೂ ಬಿಡಲಿಲ್ಲ. ಆ ಒಂದು ಪದಕ್ಕೆ ಒಂದು ಗಂಟೆ ಹಿಡಿಯಿತು. ಕೊನೆಗೆ ಹೀಗೆ ಮಾಡಿದೆವು: ಒಂದೇ ಬಸ್ಸನ್ನು ಎರಡು ಸುತ್ತು ಓಡಿಸುವ ಕಡೆ ‘ಬಹುದು’, ಉಳಿದ ಕಡೆ ‘ತಕ್ಕದ್ದು’. ಸೀಸದ ಕಡ್ಡಿಯಲ್ಲಿ ಹೊಡೆದು ತಿದ್ದಿದ ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಮಾರನೇ ದಿನ ನಮ್ಮ ಅಣಕು ಶಾಸನಸಭೆಯ ಕೆಳಮನೆ, ಅಂದರೆ ಹೌಸ್‌ನಲ್ಲಿ ನಾಲ್ಕು ಮತದಿಂದ ಪಾಸಾಯಿತು. ತಿದ್ದುಪಡಿಯನ್ನು ಓದಿದ್ದು ಅವಳೇ. ಆದರೆ ಮೇಲ್ಮನೆಯಾದ ಸೆನೆಟ್‌ನ ಪಟ್ಟಿಯಲ್ಲಿ ನಮ್ಮದು ಕೊನೆಯಲ್ಲಿತ್ತು. ಅದರ ಸರದಿ ಬರುವಷ್ಟರಲ್ಲಿ ಟೈಮ್ ಮುಗಿಯಿತು, ಚರ್ಚೆಗೇ ಬರಲಿಲ್ಲ. ನನಗೆ ಅಳು ಬಂತು. ನಮ್ಮ ಕೌನ್ಸೆಲರ್ ಪಕ್ಕ ಕೂತು, ನಿಜವಾದ ಶಾಸನಸಭೆಯಲ್ಲೂ ಜಾಸ್ತಿ ಬಿಲ್ಲುಗಳು ಸೋತು ಹೋಗುವುದಿಲ್ಲ, ಸರದಿಯೇ ಬರದೆ ಸಾಯುತ್ತವೆ ಅಂದರು. ಆಗ ಅದರಿಂದ ಸಮಾಧಾನ ಆಗಲಿಲ್ಲ. ಈಗ ಪೇಪರಿನಲ್ಲಿ ‘ಬಿಲ್ ಸಮಿತಿಯಲ್ಲಿದೆ’ ಅಂತ ಕಂಡರೆ ಅದರ ಹಿಂದೆ ಯಾರ ಬಸ್ಸು, ಯಾರ ತಮ್ಮ ಅಂತ ಹುಡುಕುತ್ತೇನೆ.

ಸಂಪಿಗೆಮರ:
ಪುಟ್ಟಾ, ಎರಡು ಸಲ ಓದಿದೆ. ನಮ್ಮವರಿಗೂ ಓದಿ ಹೇಳಿದೆ. ಆದರೂ ಒಂದು ಮಾತು ಕೇಳುತ್ತೇನೆ. ನೀನು ಧೈರ್ಯಸ್ಥೆ, ಸಮಿತಿ ಮುಂದೆ ನಿಂತೆ. ನಿಲ್ಲಲಾಗದವರು ಏನು ಮಾಡುತ್ತಾರೆ?

ಎರಡನೇ_ಬೆಂಚು:
ನನ್ನ ಬಿಲ್ಲನ್ನು ತಿದ್ದಿದ ಹುಡುಗಿ ಎರಡು ದಿನದಿಂದ ಬಾಯಿ ಬಿಟ್ಟಿರಲಿಲ್ಲ, ಆಂಟಿ. ಅವಳು ಕೇಳಿದ್ದು ಒಂದೇ ಪ್ರಶ್ನೆ.

ನಮ್ಮ ಊರಿನ ಕ್ಲರ್ಕ್ ಅಂತೂ ಅವಳಿಗಿಂತ ಮೌನಿ. ಆ ಹುದ್ದೆಗೆ ಬೇರೆ ಯಾರೂ ನಿಂತಿರಲಿಲ್ಲ, ಹಾಗಾಗಿ ಅವಳು ಭಾಷಣವನ್ನೇ ಮಾಡದೆ ಆಯ್ಕೆಯಾದಳು. ಒಂದು ಸಲ ಕೌನ್ಸಿಲ್‌ನಲ್ಲಿ ಮೇಯರ್ ಮತ ಎಣಿಸಿ, ಪಾಸಾಯಿತು ಅಂದುಬಿಟ್ಟರು. ಕ್ಲರ್ಕ್ ಎದ್ದು ‘ಪಾಯಿಂಟ್ ಆಫ್ ಆರ್ಡರ್’ ಅಂದಳು, ಅಂದರೆ ಇಲ್ಲಿ ನಿಯಮ ತಪ್ಪಿದೆ ಅಂತ. ಅವಳು ಬರೆದಿಟ್ಟ ಲೆಕ್ಕದಲ್ಲಿ ಎರಡೂ ಕಡೆ ಸಮ ಇತ್ತು. ಆ ಮೂರು ಪದ ಹೇಳಿದರೆ ಯಾರೇ ಮಾತಾಡುತ್ತಿದ್ದರೂ ನಿಲ್ಲಿಸಲೇಬೇಕು, ಅದು ಸಭೆಯ ನಿಯಮ. ಗಂಟಲು ದೊಡ್ಡದಿರಬೇಕಾಗಿಲ್ಲ. ಮತ್ತೆ ಎಣಿಸಿದರು, ಅವಳ ಲೆಕ್ಕವೇ ಸರಿ ಇತ್ತು.

ಮಗಳಿಗೆ ಒಂದು ಸ್ವೆಟರ್ ಹಾಕಿಕೊಡಿ, ಸಭಾಂಗಣದಲ್ಲಿ ಎಸಿ ತುಂಬಾ ಜಾಸ್ತಿ. ನಡೆದಾಡಲು ಹಳೇ ಶೂ ಸಾಕು. ಹೋಗುವ ಮುಂಚೆ, ಅವಳ ಸ್ಕೂಲಿನಲ್ಲಿ ಅವಳಿಗೆ ಸರಿ ಕಾಣದ ಒಂದು ನಿಯಮ ಯಾವುದು ಅಂತ ಒಂದು ಹಾಳೆಯಲ್ಲಿ ಬರೆಯಲು ಹೇಳಿ. ಕಳಿಸಿದರೆ ನಾನು ಓದುತ್ತೇನೆ. ಬಸ್ಸಿನ ಪ್ರಶ್ನೆಯನ್ನು ಈ ಸಲ ನಾನೇ ಕೇಳುತ್ತೇನೆ.