ಪದ ಬೇಕಾಗಿದೆ: ಕೋವಿಯ ಬಾಯಲ್ಲಿ ಹೊತ್ತಿ ಆರುವ ಬೆಂಕಿಗೆ

ಬಲ್ಲವರಿಗೆ ನಮಸ್ಕಾರ.

ಶಿರಸಿ ಹತ್ತಿರದ ನಮ್ಮೂರಲ್ಲಿ ಹೈಸ್ಕೂಲು ಮಕ್ಕಳ ಜೊತೆ ಸೇರಿ ಬಣ್ಣದ ಮಣ್ಣಿನ ಗೊಂಬೆಗಳ ಸಣ್ಣ ಚಿತ್ರವೊಂದನ್ನು ಮಾಡುತ್ತಿದ್ದೇನೆ. ಸ್ಟಾಪ್ ಮೋಷನ್. ಗೊಂಬೆಯನ್ನು ಚೂರೇ ಚೂರು ಸರಿಸುವುದು, ಫೋಟೋ ತೆಗೆಯುವುದು, ಮತ್ತೆ ಸರಿಸುವುದು. ಕತೆ ಅಡಿಕೆ ತೋಟದ್ದು. ಮಂಗ ಓಡಿಸಲು ಅಜ್ಜ ಆಕಾಶಕ್ಕೆ ಒಂದು ಈಡು ಹಾರಿಸುತ್ತಾನೆ. ಖಾಲಿ ರೀಫಿಲ್ಲೇ ಅವನ ಕೋವಿಯ ನಳಿಗೆ. ಆ ನಳಿಗೆಯ ಬಾಯಲ್ಲಿ ಫಕ್ಕನೆ ಕಾಣುವ ಬೆಂಕಿಯಿದೆಯಲ್ಲ, ಇಂಗ್ಲಿಷಿನವರ ಮಝಲ್ ಫ್ಲ್ಯಾಷ್, ಅದಕ್ಕೆ ಕನ್ನಡದಲ್ಲಿ ಏನೆನ್ನೋಣ? ಪ್ರತಿ ಫೋಟೋಕ್ಕೂ ಒಂದು ಸಾಲು ಬರೆದಿಡುವ ನಮ್ಮ ಪಟ್ಟಿಯಲ್ಲಿ ಆ ಜಾಗ ಇನ್ನೂ ಖಾಲಿಯಿದೆ.

ಎಂಥ ಬೆಂಕಿ ಅದು ಎಂದು ಮೊದಲು ಹೇಳಬೇಕು. ಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮ್. ಒಂದೊಂದು ಫೋಟೋವನ್ನು ಎರಡು ಫ್ರೇಮ್ ನಿಲ್ಲಿಸುವುದರಿಂದ ನಮಗೆ ಸೆಕೆಂಡಿಗೆ 12 ಫೋಟೋ ಸಾಕು. ಬೆಂಕಿಯ ಪಾಲಿಗೆ ಅದರಲ್ಲಿ ಒಂದೇ ಒಂದು. ಇನ್ನೊಂದಕ್ಕೆ ಎಳೆದೆವೋ, ಕೋವಿ ಹೋಗಿ ಪಂಜು ಆಗುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ನಕ್ಷತ್ರದಂಥ ಬೆಂಕಿ ಬರೆದು, ಕಂಪ್ಯೂಟರಿನಲ್ಲಿ ‘ಸ್ಕ್ರೀನ್’ ಎಂಬ ಬಗೆಯಲ್ಲಿ ಫೋಟೋದ ಮೇಲೆ ಕೂರಿಸಿದೆವು; ಕಪ್ಪು ಮಾಯವಾಗಿ ಬೆಳಕಷ್ಟೇ ಉಳಿಯಿತು. ಆದರೂ ಸ್ಟಿಕ್ಕರ್ ಅಂಟಿಸಿದ ಹಾಗೇ ಕಂಡಿತು. ಕೊನೆಗೆ ಅದೊಂದು ಫೋಟೋವನ್ನು ಹೊಸದಾಗಿ ತೆಗೆದೆವು. ಟಾರ್ಚಿಗೆ ಹಳದಿ ಜಿಲೆಟಿನ್ ಕಾಗದ ಸುತ್ತಿ ಅಜ್ಜನ ಗದ್ದಕ್ಕೂ ಪಕ್ಕದ ಮರದ ಬುಡಕ್ಕೂ ಬೆಳಕು ಹಿಡಿದಾಗ ಬೆಂಕಿ ಜೀವ ತಳೆಯಿತು. ಮುಂದಿನ ಫೋಟೋದಲ್ಲಿ ಬೆಂಕಿಯಿಲ್ಲ, ಹಿಂಜಿದ ಹತ್ತಿಯ ಹೊಗೆ.

ಇನ್ನು ಪದಕ್ಕೆ ಬರುತ್ತೇನೆ. ‘ಮಿಂಚು’ ಎಂದರೆ ಆಕಾಶದ್ದು. ಕಿಡಿ ಹಾರುವ ಕಣ. ‘ಜ್ವಾಲೆ’ ನಿಂತು ಉರಿಯುವಂಥದ್ದು. ಮಝಲ್ ಎಂದರೆ ಅವರಲ್ಲಿ ಪ್ರಾಣಿಯ ಮೂತಿಯೂ ಹೌದು, ನಮ್ಮಲ್ಲಿ ಮಾತ್ರ ಕೊಡಕ್ಕೆ, ಚೀಲಕ್ಕೆ, ಬಾವಿಗೆ, ಕೋವಿಗೆ ಎಲ್ಲಕ್ಕೂ ಬಾಯಿಯೇ. ಹಾಗೆಂದು ‘ಬಾಯುರಿ’ ಮಾಡಿದರೆ ಸೂಜಿಮೆಣಸು ನೆನಪಾಗುತ್ತದೆ. ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡಿರುವ ನೆರೆಮನೆಯವರನ್ನು ಕೇಳಿದೆ. “ಕೋವಿ ಬೆಂಕಿ ಕಾರ್ತು, ಅಷ್ಟೇಯ” ಅಂದರು. ಕ್ರಿಯಾಪದ ಸಿಕ್ಕಿತು, ಹೆಸರು ಸಿಗಲಿಲ್ಲ.

‘ಕಾರು’ ಕೂಡ ಪೂರ್ತಿ ಸರಿಯಲ್ಲ ಎಂದು ನನ್ನ ಅನಿಸಿಕೆ. ಮದ್ದು ನಳಿಗೆಯೊಳಗೆ ಪೂರ್ಣ ಉರಿದಿರುವುದಿಲ್ಲ. ಅರೆಬರೆ ಉರಿದ ಬಿಸಿ ಅನಿಲ ಹೊರಬಂದು ಗಾಳಿ ಸಿಕ್ಕೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ಕಣ್ಣಿಗೆ ಬೀಳುವ ದೊಡ್ಡ ಬೆಂಕಿ ಅದು. ಒಳಗಿನಿಂದ ಕಾರಿದ್ದಕ್ಕಿಂತ ಹೊರಗೆ ಹುಟ್ಟಿದ್ದೇ ಹೆಚ್ಚು.

ಮೊನ್ನೆ ಆ ಫೋಟೋ ಓಡಿಸಿ ತೋರಿಸಿದಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, “ರಾಳ ಹಾಕ್ದಾಂಗೇ ಕಾಣ್ತು!” ಎಂದು ಕೂಗಿದಳು. ನನಗೆ ಮೈ ಜುಂ ಎಂದಿತು. ಯಕ್ಷಗಾನದ ಆಟದಲ್ಲಿ ರಾಕ್ಷಸ ವೇಷ ಬರುವಾಗ ಪಂಜಿಗೆ ರಾಳದ ಪುಡಿ ಎರಚುತ್ತಾರಲ್ಲ, ಅದೂ ಹೀಗೆಯೇ: ಪುಡಿ ಗಾಳಿಯಲ್ಲಿ ಹರಡಿದ್ದರಿಂದಲೇ ಒಂದೇ ಉಸಿರಿಗೆ ಭುಗಿಲ್ಲೆಂದು, ವೇಷದ ಮುಖ ಬೆಳಗಿ, ಆರಿಹೋಗುತ್ತದೆ. ನಮಗೆ ಬೇಕಾದ ಬೆಂಕಿಯೂ ನಿಜದ ಕೋವಿಯದ್ದಲ್ಲ, ರಂಗದ ಮೇಲಿನಂಥದ್ದು. ‘ಶೈಲೀಕೃತ’ ಎಂದು ಬರೆದರೆ ಮಕ್ಕಳಿಗೆ ಏನೂ ಹೊಳೆಯುವುದಿಲ್ಲ. ‘ಆಟದ ಬೆಂಕಿ’ ಎಂದರೆ ಒಂದೇ ಏಟಿಗೆ ತಿಳಿಯುತ್ತದೆ.

ಸದ್ಯಕ್ಕೆ ನನ್ನ ಮನಸ್ಸು ‘ಈಡುಭುಗಿಲು’ ಕಡೆಗೆ ವಾಲಿದೆ. ಪತ್ರಿಕೆಗಳಲ್ಲಿ ಬರೀ ಆಕ್ರೋಶ, ಅಸಮಾಧಾನಗಳೇ ಭುಗಿಲೇಳುತ್ತಿವೆ. ಆ ಮಾತನ್ನು ಮತ್ತೆ ಬೆಂಕಿಗೆ ತಂದುಕೊಡುವ ಆಸೆಯೂ ಇದೆ. ಆದರೆ ಎರಡು ‘ಉ’ಕಾರ ಒಟ್ಟಿಗೆ ಬಂದು ನಾಲಿಗೆಗೆ ತುಸು ಭಾರವಾಯಿತೇ?

ಹೊನ್ನಾವರ, ಕುಮಟಾ ಕಡೆಯ ವೇಷಧಾರಿಗಳು ರಾಳದ ಆ ಬೆಂಕಿಯನ್ನೇ, ಪುಡಿಯನ್ನಲ್ಲ, ಯಾವ ಹೆಸರಿನಿಂದ ಕರೆಯುತ್ತಾರೆ? ಅಂಕೋಲೆಯ ಹಾಲಕ್ಕಿ ಹಿರಿಯರ ಬಾಯಲ್ಲಿ, ಕಾರವಾರದ ಕೊಂಕಣಿಯಲ್ಲಿ ಕೇಳಿದ್ದಿದ್ದರೂ ದಯವಿಟ್ಟು ತಿಳಿಸಿ. ಯಾವ ಊರಲ್ಲಿ, ಯಾವ ಮಾತಿನ ನಡುವೆ ಕೇಳಿದಿರಿ ಎಂಬುದನ್ನೂ ಬರೆದರೆ ಮಕ್ಕಳಿಗೆ ಓದಿ ಹೇಳುತ್ತೇನೆ.